ಬಳುಕುವ ಫಿಲೆಟ್ ಚಾಕುವಿಗೆ ಟಾರ್ಮೆಕ್ ಟಿ-8: ಕಲ್ಲಿಗಿಂತ ಜಿಗ್ ಮುಖ್ಯ

ಮಲ್ಪೆ ಕಡೆ ನಮ್ಮದೊಂದು ಸಣ್ಣ ಫಿಲೆಟ್ ಘಟಕ ಇದೆ. ಅಂಜಲ್, ಕೇದರ, ಮುರು ಇಂಥ ಮೀನುಗಳ ಮುಳ್ಳು ಬಿಡಿಸಿ, ಚರ್ಮ ತೆಗೆದು ಹೋಟೆಲುಗಳಿಗೆ ಕೊಡುತ್ತೇವೆ. ಈ ಕೆಲಸಕ್ಕೆ ಬೇಕಾಗುವುದು ಉದ್ದನೆಯ, ತೆಳ್ಳಗಿನ, ಬಳುಕುವ ಚಾಕು. ಅಲಗು ಬಳುಕಿದರೆ ಮಾತ್ರ ಅದು ನಡುಮುಳ್ಳಿಗೆ ಒರಗಿಕೊಂಡೇ ಸಾಗುತ್ತದೆ. ಮಾಂಸ ಮುಳ್ಳಿಗೆ ಅಂಟಿ ಹಾಳಾಗುವುದಿಲ್ಲ. ಆದರೆ ಅದೇ ಬಳುಕು ಸಾಣೆ ಹಿಡಿಯುವಾಗ ದೊಡ್ಡ ತಲೆನೋವು. ಅದಕ್ಕೆಂದೇ ಟಾರ್ಮೆಕ್ ಟಿ-8 ಅನ್ನುವ ನೀರಿನ ಸಾಣೆ ಮಷೀನ್ ತಂದು ಕೆಲವು ವರ್ಷ ಆಯಿತು. ಉಳಿ, ಕೊಡಲಿ, ಕತ್ತರಿಗೂ ಇದು ಆಗುತ್ತದೆ, ಆದರೆ ನಾನು ಇಲ್ಲಿ ಹೇಳುವುದು ಬಳುಕುವ ಚಾಕುಗಳ ವಿಷಯ ಮಾತ್ರ. ಅದರ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ನನಗೆ ಏನೂ ಸಿಗಲಿಲ್ಲ.

ಮೊದಲು ಮಷೀನ್ ಬಗ್ಗೆ ಎರಡು ಮಾತು. ಟಾರ್ಮೆಕ್ ಸ್ವೀಡನ್ನಿನ ಕಂಪನಿ, 1973ರಲ್ಲಿ ಶುರುವಾದದ್ದು. ಟಿ-8ರ ಕಲ್ಲು 250 ಮಿಮೀ ವ್ಯಾಸ, 50 ಮಿಮೀ ಅಗಲ. ಕೆಳಗೆ ನೀರಿನ ತೊಟ್ಟಿ. ಕಲ್ಲು ನೀರಲ್ಲಿ ನೆನೆಯುತ್ತಾ ನಿಮಿಷಕ್ಕೆ 90 ಸುತ್ತು ತಿರುಗುತ್ತದೆ, ಅಷ್ಟೇ. ವರ್ಕ್‌ಶಾಪಿನ ಒಣ ಗ್ರೈಂಡರ್ ಇದರ ಮೂವತ್ತು ಪಟ್ಟು ವೇಗದಲ್ಲಿ ಓಡುತ್ತದೆ. ತೆಳು ಚಾಕುವನ್ನು ಅದಕ್ಕೆ ಹಿಡಿದರೆ ಕಿಡಿ ಹಾರುತ್ತದೆ, ಅಂಚು ನೀಲಿಗಟ್ಟುತ್ತದೆ. ನೀಲಿಗಟ್ಟಿದ ಜಾಗದಲ್ಲಿ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀರಿನ ಕಲ್ಲಿನಲ್ಲಿ ಆ ಭಯ ಇಲ್ಲ. ಅಲಗನ್ನು ಮುಟ್ಟಿ ನೋಡಿದರೆ ತಣ್ಣಗೇ ಇರುತ್ತದೆ.

ಈಗ ಬಳುಕಿನ ವಿಷಯಕ್ಕೆ ಬರೋಣ. ಜಿಗ್ ಅಂದರೆ ಮಸೆಯುವಾಗ ಚಾಕುವನ್ನು ಒಂದೇ ಕೋನದಲ್ಲಿ ಕಚ್ಚಿ ಹಿಡಿಯುವ ಸಾಧನ. ಮಾಮೂಲಿ ಚಾಕು ಜಿಗ್ 45 ಮಿಮೀ ಅಗಲದ್ದು. ಅಲಗಿನ ಬೆನ್ನನ್ನು ಅದರಲ್ಲಿ ಕಚ್ಚಿಸಿ, ಜಿಗ್ಗನ್ನು ಮಷೀನಿನ ಸರಳಿನ ಮೇಲೆ ಒರಗಿಸಿ, ಎಡಕ್ಕೆ ಬಲಕ್ಕೆ ಎಳೆಯುತ್ತೇವೆ. ಅಡುಗೆ ಮನೆಯ ಗಟ್ಟಿ ಚಾಕುವಿಗೆ ಇಷ್ಟು ಸಾಕು. ಎಂಟು ಇಂಚಿನ ಫಿಲೆಟ್ ಚಾಕುವಿಗೆ ಸಾಲದು. ಯಾಕೆ ಅಂತ ಕಣ್ಣಾರೆ ನೋಡಬೇಕಾದರೆ ಒಂದು ಕಪ್ಪು ಮಾರ್ಕರ್ ತೆಗೆದುಕೊಳ್ಳಿ. ಅಂಚಿನ ಇಳಿಜಾರಿಗೆ ಹಿಡಿಯಿಂದ ತುದಿಯವರೆಗೆ ಬಣ್ಣ ಬಳಿಯಿರಿ. ಕಲ್ಲಿನ ಮೇಲೆ ಒಮ್ಮೆ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಜಿಗ್ ಕಚ್ಚಿದ ಜಾಗದ ನೇರಕ್ಕೆ ಬಣ್ಣ ಪೂರ್ತಿ ಹೋಗಿರುತ್ತದೆ. ತುದಿಯ ಕಡೆ ಮಾತ್ರ ಇಳಿಜಾರಿನ ಮೇಲ್ಭಾಗದಲ್ಲಷ್ಟೇ ಹೋಗಿ, ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಹಾಗೇ ಉಳಿದಿರುತ್ತದೆ. ಅಂದರೆ ಕಲ್ಲು ಒತ್ತಿದಾಗ ಅಲಗು ಹಿಂದಕ್ಕೆ ಬಾಗಿದೆ, ಕೋನ ಕಡಿಮೆಯಾಗಿದೆ, ಕಲ್ಲು ಅಂಚನ್ನು ಮುಟ್ಟಿಯೇ ಇಲ್ಲ. ಇದನ್ನು ಸರಿ ಮಾಡಲು ಜಾಸ್ತಿ ಒತ್ತಿದರೆ ನಡುವೆ ಇನ್ನಷ್ಟು ಸವೆಯುತ್ತದೆ. ಕೆಲವು ತಿಂಗಳಲ್ಲಿ ಚಾಕುವಿನ ನಡುವೆ ಸಣ್ಣ ತಗ್ಗು ಬೀಳುತ್ತದೆ. ಹಲಗೆ ಮೇಲಿಟ್ಟರೆ ಆ ತಗ್ಗಿನ ಕೆಳಗೆ ಬೆಳಕು ಕಾಣುತ್ತದೆ. ಅಂಥ ಚಾಕುವಿನಲ್ಲಿ ಚರ್ಮ ಬಿಡಿಸಿದರೆ ನಡುವೆ ಒಂದು ಪಟ್ಟಿ ಕತ್ತರಿಸದೆ ಉಳಿಯುತ್ತದೆ.

ಇದಕ್ಕೆ ಪರಿಹಾರ 140 ಮಿಮೀ ಅಗಲದ ಜಿಗ್. ಹಳೆಯದು ಎಸ್‌ವಿಎಂ-140, ಹೊಸದು ಕೆಜೆ-140. ಅಲಗಿನ ಬೆನ್ನನ್ನು ಹದಿನಾಲ್ಕು ಸೆಂಟಿಮೀಟರ್ ಉದ್ದಕ್ಕೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಂಟು ಇಂಚಿನ ಚಾಕುವಿನಲ್ಲಿ ಆಚೆ ಈಚೆ ಮೂರು ಮೂರು ಸೆಂಟಿಮೀಟರ್ ಮಾತ್ರ ಹೊರಗೆ ಉಳಿಯುತ್ತದೆ. ಬಳುಕುವ ಚಾಕು ಸಾಣೆ ಮುಗಿಯುವವರೆಗೆ ಗಟ್ಟಿ ಚಾಕುವಿನ ಹಾಗೆ ನಡೆದುಕೊಳ್ಳುತ್ತದೆ. ಮಾರ್ಕರ್ ಪರೀಕ್ಷೆ ಮತ್ತೆ ಮಾಡಿದರೆ ಬಣ್ಣ ಎಲ್ಲ ಕಡೆ ಒಂದೇ ಸಮ ಹೋಗಿರುತ್ತದೆ. ನನ್ನ ಪ್ರಕಾರ ಈ ಮಷೀನಿಗೆ ಕೊಟ್ಟ ದುಡ್ಡು ಬಳುಕುವ ಚಾಕುಗಳ ಮಟ್ಟಿಗೆ ವಸೂಲಾಗುವುದು ಈ ಜಿಗ್ ಬಂದ ಮೇಲೆಯೇ.

ಎರಡು ಜಿಗ್‌ಗಳ ನಡುವೆ ನಿಜವಾದ ವ್ಯತ್ಯಾಸ ಇದೆ. ಹಳೆಯದರಲ್ಲಿ ಒಂದು ದವಡೆ ಅಲುಗಾಡುವುದಿಲ್ಲ, ಇನ್ನೊಂದು ಬಂದು ಒತ್ತುತ್ತದೆ. ಹಾಗಾಗಿ ಅಲಗಿನ ದಪ್ಪ ಬದಲಾದ ಹಾಗೆ ಅದು ನಡುವಿನಿಂದ ಸ್ವಲ್ಪ ಸರಿದು ಕೂರುತ್ತದೆ. ಜಿಗ್ ತಿರುವಿ ಇನ್ನೊಂದು ಬದಿ ಮಸೆದಾಗ ಒಂದು ಇಳಿಜಾರು ಅಗಲ, ಒಂದು ಕಿರಿದು. ಹೊಸದರಲ್ಲಿ ಎರಡೂ ದವಡೆ ಒಟ್ಟಿಗೆ ಸರಿಯುತ್ತವೆ, ಅಲಗು ತಾನೇ ನಡುವಿಗೆ ಬರುತ್ತದೆ. ತೆಳು ಚಾಕುವಿನಲ್ಲಿ ಇದು ಎದ್ದು ಕಾಣುತ್ತದೆ. ಈಗ ಕೊಳ್ಳುವವರು ಕೆಜೆಯನ್ನೇ ಕೊಳ್ಳಿ. ಹಳೆಯದು ಕೈಯಲ್ಲಿದ್ದರೆ ಬಿಸಾಡಬೇಕಾಗಿಲ್ಲ, ಎರಡು ಬದಿಗೂ ಕೋನ ಬೇರೆ ಬೇರೆ ನೋಡಿ ಹೊಂದಿಸಿಕೊಂಡರಾಯಿತು.

ಜಿಗ್ ಕೂರಿಸುವ ಜಾಗವೂ ಮುಖ್ಯ. ಬೆನ್ನು ತುದಿಯ ಕಡೆ ಇಳಿಯಲು ಶುರುವಾಗುವ ಮೊದಲೇ ಜಿಗ್ ಮುಗಿಯಬೇಕು. ಇಲ್ಲದಿದ್ದರೆ ಆ ಮೂಲೆಯಲ್ಲಿ ಹಿಡಿತ ಸಡಿಲ. ತುದಿಯ ಬಾಗು ಬಂದಾಗ ಹಿಡಿಯನ್ನು ಸ್ವಲ್ಪ ಎತ್ತಬೇಕು, ಅಂಚು ಯಾವಾಗಲೂ ಕಲ್ಲಿಗೆ ಅಡ್ಡಲಾಗೇ ಇರಬೇಕು. ಒಂದು ಕೈ ಬೆರಳುಗಳು ಅಲಗಿನ ಮೇಲೆ, ಕಲ್ಲು ತಾಗುವ ಜಾಗಕ್ಕೆ ಹತ್ತಿರ. ಕೈ ಹಗುರ. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ: ಒತ್ತಬೇಡಿ, ಕಲ್ಲು ತಾನೇ ತಿನ್ನುತ್ತದೆ.

ಕೋನ ಎಷ್ಟು? ಬದಿಗೆ 15 ಡಿಗ್ರಿ ನಮಗೆ ಸರಿ ಬಂದಿದೆ. ನಾವು ಬಳಸುವುದು ವಿಕ್ಟೋರಿನಾಕ್ಸ್ ಥರದ ಮೆದು ಸ್ಟೇನ್‌ಲೆಸ್ ಚಾಕುಗಳು, ಉಕ್ಕಿನ ಗಡಸು ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 56 (ಎಚ್‌ಆರ್‌ಸಿ) ಆಸುಪಾಸು. 12ಕ್ಕೆ ಇಳಿಸಿದರೆ ಚರ್ಮ ಬಿಡಿಸುವಾಗ ಸುಖವೋ ಸುಖ. ಆದರೆ ಅಂಜಲಿನ ಪಕ್ಕೆಮುಳ್ಳಿಗೆ ತಾಗಿದರೆ ಅಂಚು ಮಡಚಿಕೊಳ್ಳುತ್ತದೆ. ಚರ್ಮಕ್ಕೇ ಅಂತ ಒಂದು ಚಾಕು ಬೇರೆ ಇಟ್ಟುಕೊಳ್ಳುವವರು ಮಾತ್ರ 12 ನೋಡಬಹುದು. ಕೋನ ಅಳೆಯುವ ಸಾಧನ ಮಷೀನಿನ ಜೊತೆಗೇ ಬರುತ್ತದೆ. ಕಲ್ಲು ಸವೆದು ಸಣ್ಣದಾದ ಹಾಗೆ ಅದರಲ್ಲಿ ಕಲ್ಲಿನ ವ್ಯಾಸವನ್ನೂ ಬದಲಿಸುತ್ತಾ ಹೋಗಬೇಕು. ಇದನ್ನು ಮರೆಯುವವರು ಬಹಳ.

ಮೆದು ಸ್ಟೀಲಿನ ಇನ್ನೊಂದು ಗುಣ, ಬರ್ ಸುಲಭಕ್ಕೆ ಬಿಡುವುದಿಲ್ಲ. ಬರ್ ಅಂದರೆ ಮಸೆದಾಗ ಅಂಚಿನ ಆಚೆ ಬದಿಗೆ ಮಡಚಿ ನಿಲ್ಲುವ ತೆಳು ಸಿಬಿರು. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆ ಸರಿಸಿ ಹೊರಕ್ಕೆ ತಂದರೆ ಗರಗರ ಅಂತ ಸಿಗುತ್ತದೆ. ಅದು ಉದ್ದಕ್ಕೂ ಬಂದ ಮೇಲೆ ಕಲ್ಲನ್ನು ನಯ ಮಾಡಿಕೊಳ್ಳಬೇಕು. ಮಷೀನಿನ ಜೊತೆ ಒಂದು ಗ್ರೇಡಿಂಗ್ ಕಲ್ಲು ಬರುತ್ತದೆ. ಅದರ ಒಂದು ಮುಖ ಒತ್ತಿದರೆ ದೊಡ್ಡ ಕಲ್ಲು 220 ಗ್ರಿಟ್‌ನ ಹಾಗೆ ಒರಟಾಗಿ ತಿನ್ನುತ್ತದೆ, ಇನ್ನೊಂದು ಮುಖ ಒತ್ತಿದರೆ 1000ದ ಹಾಗೆ ನಯವಾಗಿ. ಚಾಕು ಪೂರ್ತಿ ಮೊಂಡಾಗಿರದಿದ್ದರೆ ನಾನು 220ರ ತಂಟೆಗೇ ಹೋಗುವುದಿಲ್ಲ. ತೆಳು ಅಲಗಿನಲ್ಲಿ ತಿನ್ನಿಸಲು ಜಾಸ್ತಿ ಉಕ್ಕೇ ಇಲ್ಲ. ಕೊನೆಗೆ ಬರ್ ತೆಗೆಯಲು ಮಷೀನಿನಲ್ಲೇ ಇರುವ, ಪಾಲಿಶ್ ಪೇಸ್ಟ್ ಹಚ್ಚಿದ ಚರ್ಮದ ಚಕ್ರ. ಇಲ್ಲಿ ಅಂಚು ಚಕ್ರ ತಿರುಗುವ ದಿಕ್ಕಿನ ಕಡೆಗೇ ಇರಬೇಕು. ಎದುರಿಗೆ ಹಿಡಿದರೆ ಚಾಕು ಚರ್ಮಕ್ಕೆ ಕಚ್ಚಿಕೊಂಡು ಕೈಯಿಂದ ಹಾರಬಹುದು. ಚಕ್ರವೂ ಹಾಳು, ಅಪಾಯವೂ ಹೌದು.

ಇದೆಲ್ಲ ಆದ ಮೇಲೆ ಚಾಕು ಹೇಗಿರುತ್ತದೆ? ಅಂಜಲಿನ ಚರ್ಮದ ಬಾಲದ ತುದಿ ಹಿಡಿದು ಚಾಕುವನ್ನು ಮಲಗಿಸಿ ಎಳೆದರೆ, ಚರ್ಮ ಕಾಗದದ ಹಾಗೆ ಬಿಟ್ಟು ಬರುತ್ತದೆ. "ಅಣ್ಣಾ, ಇದು ಹೊಸ ಚಾಕುವಾ?" ಅಂತ ನಮ್ಮ ಹುಡುಗರು ಕೇಳುತ್ತಾರೆ. ಹೊಸದಕ್ಕಿಂತ ಚೆನ್ನಾಗಿದೆ ಅನ್ನುವುದೇ ನನ್ನ ಉತ್ತರ. ದಿನದ ಕೆಲಸದ ನಡುವೆ ನಯವಾದ ಸ್ಟೀಲ್ ರಾಡಿಗೆ ಹಗುರವಾಗಿ ಉಜ್ಜಿಕೊಂಡರೆ ಸಾಕು, ಮತ್ತೆ ಮತ್ತೆ ಕಲ್ಲಿಗೆ ಹೋಗಬೇಕಾಗಿಲ್ಲ. ಕಡಪ ಕಲ್ಲಿನ ಮೇಲೆ ಮೀನು ಕತ್ತರಿಸುವ ಅಭ್ಯಾಸ ಇದ್ದರೆ ಮಾತ್ರ ದಯವಿಟ್ಟು ಅದನ್ನು ಮೊದಲು ಬಿಡಿ. ಯಾವ ಸಾಣೆಯೂ ಅದರ ಮುಂದೆ ನಿಲ್ಲುವುದಿಲ್ಲ.

ಆಗದ ಕೆಲಸವನ್ನೂ ಹೇಳಬೇಕು. ವರ್ಷಗಟ್ಟಲೆ ಮಸೆದು ಕಿರಿದಾದ ಅಲಗುಗಳಿಗೆ ಅಗಲ ಜಿಗ್ ಹೊಂದುವುದಿಲ್ಲ. ಅಂಚು ಮತ್ತು ಜಿಗ್ ನಡುವೆ ಜಾಗವೇ ಇರುವುದಿಲ್ಲ, ಕಡಿಮೆ ಕೋನ ಇಟ್ಟರೆ ಜಿಗ್ಗೇ ಕಲ್ಲಿಗೆ ತಾಗುತ್ತದೆ. ಆಗ ಕೋನ ಸ್ವಲ್ಪ ಏರಿಸಬೇಕು, ಇಲ್ಲವೇ ಆ ಚಾಕುವನ್ನು ಕೈಯಲ್ಲೇ ಚಪ್ಪಟೆ ಕಲ್ಲಿಗೆ ಹಿಡಿಯಬೇಕು. ಆರು ಇಂಚಿನ ಚಾಕುವಿಗೂ 140 ಬೇಡ, 45ರ ಜಿಗ್ ಸಾಕು. ಗಿಡ್ಡ ಅಲಗು ಅಷ್ಟೊಂದು ಬಾಗುವುದಿಲ್ಲ.

ನೀರಿನ ಕಾಟ ಇದ್ದದ್ದೇ. ಉದ್ದ ಅಲಗಿನ ಗುಂಟ ನೀರು ಹರಿದು ತೊಟ್ಟಿಯ ಆಚೆ ಸುರಿಯುತ್ತದೆ. ಮಷೀನನ್ನು ಅಂಚು ಇರುವ ಸ್ಟೀಲ್ ಟ್ರೇ ಒಳಗೆ ಇಟ್ಟರೆ ನೆಲ ಒದ್ದೆಯಾಗುವುದಿಲ್ಲ. ಕೆಲಸ ಮುಗಿದ ತಕ್ಷಣ ತೊಟ್ಟಿ ಖಾಲಿ ಮಾಡಲೇಬೇಕು. ಕಲ್ಲಿನ ಒಂದೇ ಭಾಗ ನೀರಲ್ಲಿ ನಿಂತರೆ ಆ ಭಾಗ ನೀರು ಕುಡಿದು ಭಾರವಾಗುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಜಿಗ್ಗಿನ ಸ್ಕ್ರೂಗಳನ್ನು ಒರೆಸಿ ಎಣ್ಣೆ ಹಚ್ಚುವುದೂ ಬೇಕು. ನಾವು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುವಾಗ ಕಲ್ಲನ್ನು ವಜ್ರದ ಮೊನೆಯ ಟ್ರೂಯಿಂಗ್ ಸಾಧನದಿಂದ ಸಮ ಮಾಡಿಕೊಳ್ಳುತ್ತೇವೆ. ಉದ್ದ ಚಾಕುಗಳಿಗೆ ಕಲ್ಲಿನ ಮುಖ ಸಮ ಇರುವುದು ತುಂಬಾ ಮುಖ್ಯ.

ಬೆಲೆ ದುಬಾರಿ, ಜಿಗ್‌ಗೆ ಬೇರೆ ದುಡ್ಡು. ಮನೆಯಲ್ಲಿ ಭಾನುವಾರ ಒಂದು ಬಂಗುಡೆ ಕ್ಲೀನ್ ಮಾಡುವವರಿಗೆ ಇದು ಖಂಡಿತ ಬೇಡ, ಒಂದು ಒಳ್ಳೆ ಚಪ್ಪಟೆ ಕಲ್ಲು ಸಾಕು. ದಿನವೂ ಚಾಕು ಹಿಡಿಯುವ ಹೋಟೆಲ್, ಫಿಲೆಟ್ ಘಟಕದವರು ಯೋಚಿಸಬಹುದು. ಪೂರ್ತಿ ಬಜೆಟ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಜಿಗ್ ಕೂರುವ ಸರಳು 12 ಮಿಮೀ ದಪ್ಪದ್ದು. ಅದೇ ಅಳತೆಯ ಸರಳಿರುವ ಅಗ್ಗದ ನೀರಿನ ಸಾಣೆ ಮಷೀನ್‌ಗಳೂ ಇವೆ. ಮಷೀನ್ ಅಗ್ಗದ್ದು ತೆಗೆದುಕೊಂಡು ಜಿಗ್ ಮಾತ್ರ ಒಳ್ಳೆಯದು ಹಾಕಿ. ಅಂಗಡಿಗೆ ಹೋಗುವಾಗ ನಿಮ್ಮ ಅತಿ ಉದ್ದದ ಚಾಕುವನ್ನೂ ಒಂದು ಮಾರ್ಕರನ್ನೂ ಜೊತೆಗೆ ಒಯ್ಯಿರಿ. ಬಣ್ಣ ತುದಿಯವರೆಗೂ ಸಮ ಹೋದರೆ ಮಾತ್ರ ದುಡ್ಡು ಕೊಡಿ.