ಮಗಳ ಫೋನಿಗೆ ಫ್ಯಾಮಿಲಿ ಲಿಂಕ್: ಆರು ತಿಂಗಳ ಅನುಭವ

ರಾತ್ರಿ ಹನ್ನೊಂದಕ್ಕೆ ಮಗಳ ಹೊದಿಕೆಯೊಳಗಿಂದ ಫೋನಿನ ಬೆಳಕು ಕಂಡಾಗ ಗಾಬರಿಯಾಯಿತು. ಅವಳಿಗೆ ಇನ್ನೂ 11 ವರ್ಷ. ಪರಿಚಯದವರು ಹೇಳಿದರು ಅಂತ ಒಂದು ಗುಪ್ತ ಆ್ಯಪ್ ಹಾಕಿದೆ. ಅವಳ ಮೆಸೇಜೆಲ್ಲ ನನ್ನ ಫೋನಿಗೆ ಬರತೊಡಗಿತು. ಎರಡನೇ ದಿನ, "ಅಮ್ಮ ಇವತ್ತು ಸುಮ್ನೆ ಬೈದ್ರು ಕಣೇ, ಅಳು ಬಂತು" ಅಂತ ಗೆಳತಿಗೆ ಬರೆದದ್ದು ಓದಿ ಕೈ ನಡುಗಿತು. ಅದು ನನಗೆ ಬರೆದ ಮಾತಲ್ಲ ಅಲ್ವಾ? ಅವತ್ತೇ ತೆಗೆದೆ, ಅವಳಿಗೂ ಹೇಳಿದೆ. ಎರಡು ದಿನ ಮಾತಾಡಲಿಲ್ಲ ಅವಳು.

ಆಮೇಲೆ ಇಬ್ಬರೂ ಕೂತು ಗೂಗಲ್ ಫ್ಯಾಮಿಲಿ ಲಿಂಕ್ ಅಂತ, ಮಕ್ಕಳ ಫೋನಿನ ಮೇಲೆ ಪೋಷಕರು ನಿಗಾ ಇಡುವ ಆ್ಯಪ್ ಹಾಕಿದೆವು. ಉಚಿತ. ದಿನಕ್ಕೆ ಎಷ್ಟು ಹೊತ್ತು ಅಂತ ಮಿತಿ ಇಡಬಹುದು, ಮಲಗುವ ಹೊತ್ತಿಗೆ ಫೋನ್ ತಾನಾಗಿ ಲಾಕ್ ಆಗುತ್ತದೆ, ಹೊಸ ಆ್ಯಪ್ ಬೇಕೆಂದರೆ ನನ್ನ ಒಪ್ಪಿಗೆ ಬೇಕು. ಆದರೆ ಮೆಸೇಜ್ ಓದಲು, ಕರೆ ಕೇಳಲು ಆಗುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ. ಕದ್ದು ನೋಡುವ ಮಾತೇ ಇಲ್ಲ, ಫೋನಿನ ಮೇಲೆ ನಿಗಾ ಇದೆ ಅಂತ ಮಗುವಿಗೂ ಗೊತ್ತಿರುತ್ತದೆ. ಲೊಕೇಶನ್ ನೋಡುವ ಸೌಲಭ್ಯವೂ ಇದೆ, ಟ್ಯೂಷನ್ ದಿನ ಮಾತ್ರ ನೋಡುತ್ತೇನೆ, ಅವಳಿಗೆ ಹೇಳಿಯೇ.

ಗಂಡ, ಹೆಂಡತಿ, ಅತ್ತೆ ಫೋನಿಗೂ ಗುಪ್ತ ಆ್ಯಪ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮಿತಿ ಮುಗಿದಾಗ ಈಗ ಅವಳೇ ಬಂದು ಇನ್ನು ಹದಿನೈದು ನಿಮಿಷ ಕೇಳುತ್ತಾಳೆ, ಯಾಕೆ ಬೇಕು ಅಂತಲೂ ಹೇಳುತ್ತಾಳೆ. ಜಾಸ್ತಿ ಸಲ ಕೊಡುತ್ತೇನೆ.