ಎಂಟು ವಾರ, ಒಂದು ಪೇಟೆ ಬೀದಿ: ನನ್ನ ಇಂಟರ್ನ್‌ಶಿಪ್ ಹೇಗಿತ್ತು

ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಎಲ್ಲಿ ಹೋಯಿತು ಅಂತ ಕೆಳಗೆ ಬರೆದಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಒಂದೇ ಮಾತು: ಬಿಸಿಲಲ್ಲಿ ನಿಂತು ತಲೆ ಎಣಿಸುವುದಕ್ಕೆ, ಅಂಗಡಿ ಮುಂದೆ ಕೂತು ಅವರ ಕಷ್ಟಸುಖ ಕೇಳುವುದಕ್ಕೆ ಬೇಜಾರಿಲ್ಲದಿದ್ದರೆ ಕಣ್ಣು ಮುಚ್ಚಿ ಸೇರಿ. ಎಂಟು ವಾರದಲ್ಲಿ ಊರನ್ನು ಉದ್ಧಾರ ಮಾಡಿ ಬರುತ್ತೇನೆ ಅಂತ ಹೊರಟಿದ್ದರೆ ಬೇಡ. ನಿಮಗೂ ಬೇಜಾರು, ಊರಿನವರಿಗೂ ಬೇಜಾರು.

ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ದೂರು ಸ್ವಲ್ಪ ಜಾಸ್ತಿಯೇ ಇದೆ, ಅದಕ್ಕೆ. ಸಣ್ಣ ಊರುಗಳ ಹಳೇ ಪೇಟೆ ಬೀದಿಗಳಿಗೆ ಮತ್ತೆ ಜೀವ ತರುವುದು ಅವರ ಕೆಲಸ. ಕಥೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಬೈಪಾಸ್ ರಸ್ತೆ ಬರುತ್ತದೆ, ಊರ ಹೊರಗೆ ದೊಡ್ಡ ಅಂಗಡಿಗಳು ಏಳುತ್ತವೆ, ಆಮೇಲೆ ಎಲ್ಲರೂ ಮೊಬೈಲ್‌ನಲ್ಲೇ ಕೊಳ್ಳಲು ಶುರು ಮಾಡುತ್ತಾರೆ. ಒಂದೊಂದೇ ಶಟರ್ ಕೆಳಗಿಳಿಯುತ್ತದೆ. ಓದಿದ ಮಕ್ಕಳು ಹೊರಗೆ ಹೋಗುತ್ತಾರೆ, ಬೀದಿಯಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಹೋಗಲಾರದವರು. ಇಂಥ ಒಂದು ಬೀದಿಗೆ ನನ್ನನ್ನು ಹಾಕಿದರು.

ಮೊದಲ ವಾರ ಪೂರ್ತಿ ಪಾಠ. ಇದಕ್ಕೆ ಪೂರ್ತಿ ಅಂಕ, ನಿಜವಾಗಿಯೂ ಚೆನ್ನಾಗಿತ್ತು. ಈ ಕೆಲಸದ ದೊಡ್ಡ ಮಾದರಿ ಅಮೆರಿಕದ್ದು. ಹಳೇ ಕಟ್ಟಡಗಳನ್ನು ಉಳಿಸಲು ಇರುವ ಅಲ್ಲಿನ ನ್ಯಾಷನಲ್ ಟ್ರಸ್ಟ್ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಅನ್ನುವ ಮೂರು ಊರುಗಳಲ್ಲಿ ಒಂದು ಪ್ರಯೋಗ ಶುರು ಮಾಡಿತು. ಅದರ ಅನುಭವದ ಮೇಲೆ 1980ರಲ್ಲಿ ನ್ಯಾಷನಲ್ ಮೇನ್ ಸ್ಟ್ರೀಟ್ ಸೆಂಟರ್ ಹುಟ್ಟಿತು. ಅವರ ಸೂತ್ರಕ್ಕೆ ನಾಲ್ಕು ಕಾಲು: ಸಂಘಟನೆ, ಪ್ರಚಾರ, ವಿನ್ಯಾಸ, ವ್ಯಾಪಾರದ ಬಲ. ನಾಲ್ಕೂ ಒಟ್ಟಿಗೆ ನಡೆಯಬೇಕು, ಬರೀ ಗೋಡೆಗೆ ಬಣ್ಣ ಬಳಿದರೆ ಆಗುವುದಿಲ್ಲ ಅನ್ನುವುದು ಅವರ ಪಟ್ಟು. ಪಾಠದಲ್ಲಿ ಇನ್ನೊಂದು ಸಂಗತಿ ಹೇಳಿದ್ದರು, ಆಗ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ. ಆ ಮೂರು ಊರುಗಳಲ್ಲೂ ಒಬ್ಬೊಬ್ಬ ಮ್ಯಾನೇಜರ್‌ನನ್ನು ಪೂರ್ಣಾವಧಿಗೆ ನೇಮಿಸಿದ್ದರು. ಅಂದರೆ ಬೀದಿಯ ಬಗ್ಗೆ ಯೋಚಿಸುವುದೇ ಅವರ ದಿನದ ಕೆಲಸ. ನಮ್ಮ ಬೀದಿಗೆ ಅಂಥವರು ಯಾರೂ ಇರಲಿಲ್ಲ. ನಾನಿದ್ದೆ, ಎಂಟು ವಾರಕ್ಕೆ.

ಎರಡನೇ ವಾರದಿಂದ ಎಣಿಕೆ. ಒಂದು ಕಡೆ ನಿಂತು ಹದಿನೈದು ನಿಮಿಷದಲ್ಲಿ ಎಷ್ಟು ಜನ ಹಾದುಹೋದರು ಅಂತ ಗೀಟು ಹಾಕುವುದು. ನಾಲ್ಕು ಗೀಟು, ಐದನೆಯದು ಅಡ್ಡಕ್ಕೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಕೆಲಸದ ದಿನ ಬೇರೆ, ರಜೆ ದಿನ ಬೇರೆ. ಹಾದುಹೋದವರದ್ದು ಒಂದು ಕಾಲಂ, ನಿಂತವರದ್ದು ಇನ್ನೊಂದು. ಮೊದಲ ಎರಡು ದಿನ ಇದಕ್ಕಾ ನಾನು ಡಿಗ್ರಿ ಓದುತ್ತಿರುವುದು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಪುಸ್ತಕ ತಿರುವಿ ನೋಡಿದರೆ ಮಧ್ಯಾಹ್ನದ ಗೀಟುಗಳೆಲ್ಲಾ ಬೀದಿಯ ಒಂದೇ ಬದಿಯಲ್ಲಿದ್ದವು. ಕಾರಣ ಏನೂ ದೊಡ್ಡದಲ್ಲ, ಆ ಬದಿಗೆ ನೆರಳಿತ್ತು. ಎದುರು ಬದಿಯ ಅಂಗಡಿಯವರು ಮಧ್ಯಾಹ್ನ ಯಾರೂ ಬರಲ್ಲ ಅಂತ ಬಾಗಿಲು ಹಾಕುತ್ತಿದ್ದರು, ಬಾಗಿಲು ಹಾಕಿದ್ದರಿಂದ ಸಂಜೆಗೂ ಆ ಬದಿ ಭಣಭಣ ಅನ್ನುತ್ತಿತ್ತು. ಸಂಸ್ಥೆಯವರು ಹಿಂದಿನ ವರ್ಷ ದೊಡ್ಡದಾಗಿ ಒಂದು ಗೋಡೆಚಿತ್ರ ಬರೆಸಿದ್ದರಲ್ಲ, ಅದು ಎಲ್ಲಿದೆ ಗೊತ್ತಾ? ಬಿಸಿಲಿನ ಬದಿಯ ಕೊನೆಯಲ್ಲಿ. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ.

ಕುರ್ಚಿಗಳ ಕೆಲಸ ನನಗೆ ತುಂಬಾ ಇಷ್ಟವಾಯಿತು. ನ್ಯೂಯಾರ್ಕ್‌ನ ಚೌಕಗಳಲ್ಲಿ ಜನ ಹೇಗೆ ಕೂರುತ್ತಾರೆ ಅಂತ ವರ್ಷಗಟ್ಟಲೆ ಕ್ಯಾಮೆರಾ ಇಟ್ಟು ನೋಡಿದ ವಿಲಿಯಂ ವೈಟ್ ಬಗ್ಗೆ ಪಾಠದಲ್ಲಿ ಕೇಳಿದ್ದೆವು. ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ ಅನ್ನುವುದು ಅವರು ಕಂಡುಕೊಂಡದ್ದು. ಕೇಳಿದರೆ ನಗು ಬರುತ್ತದೆ, ಆದರೆ ಎಷ್ಟು ಬೀದಿಗಳಲ್ಲಿ ಕೂರಲು ಒಂದು ಕಟ್ಟೆಯೂ ಇಲ್ಲ, ಯೋಚಿಸಿ. ಅದಕ್ಕೇ ಆರು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಲ್ಲಿ ಇಟ್ಟು ದೂರದಿಂದ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತು ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಕೈಯಲ್ಲಿ ಚೀಲ ಹಿಡಿದ ಒಬ್ಬ ಅಜ್ಜಿ ಬಂದರು. ಆಚೀಚೆ ನೋಡಿದರು, ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು, ಕೂತರು. ಸರಿಸುವ ಅಗತ್ಯ ಏನೂ ಇರಲಿಲ್ಲ. ವೈಟ್ ಕೂಡ ಇದನ್ನೇ ಗಮನಿಸಿದ್ದರು, ಜನ ಕೂರುವ ಮುಂಚೆ ಕುರ್ಚಿಯನ್ನು ಸುಮ್ನೆ ಒಂದಿಷ್ಟು ಅಲುಗಾಡಿಸುತ್ತಾರೆ, ಇದು ನನ್ನ ಜಾಗ ಅನ್ನುವ ಹಾಗೆ. ಅಜ್ಜಿ ಕೂತದ್ದು ನೋಡಿ ಇನ್ನಿಬ್ಬರು ಬಂದರು. ಅರ್ಧ ಗಂಟೆಯಲ್ಲಿ ಆರೂ ತುಂಬಿದವು, ಎರಡು ಎದುರುಬದುರಾದವು. ನಾನು ಖುಷಿಯಲ್ಲಿ ಗೀಟು ಹಾಕುವುದನ್ನೇ ಮರೆತೆ.

ಇನ್ನು ಖಾಲಿ ಅಂಗಡಿಗಳ ಪಟ್ಟಿ. ಇಡೀ ಇಂಟರ್ನ್‌ಶಿಪ್‌ನಲ್ಲಿ ಅತಿ ಬೋರ್ ಕೆಲಸ ಇದು, ಅತಿ ಉಪಯೋಗದ್ದೂ ಇದೇ. ಪ್ರತಿ ಕಟ್ಟಡಕ್ಕೂ ಒಂದು ಹಾಳೆ: ಮಾಲೀಕರು ಯಾರು, ಎಲ್ಲಿದ್ದಾರೆ, ಎಷ್ಟು ಕಾಲದಿಂದ ಖಾಲಿ, ಮೇಲ್ಮಹಡಿಯಲ್ಲಿ ಏನಿದೆ, ಯಾಕೆ ಬಾಡಿಗೆಗೆ ಹೋಗಿಲ್ಲ. ಬಾಡಿಗೆದಾರರೇ ಸಿಗುತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ. ಕೇಳುತ್ತಾ ಹೋದರೆ ಒಂದೊಂದು ಬೀಗಕ್ಕೆ ಒಂದೊಂದು ಕಥೆ. ಒಂದರದ್ದು ಅಣ್ಣತಮ್ಮಂದಿರ ಪಾಲಿನ ಜಗಳ. ಇನ್ನೊಂದರ ಮಾಲೀಕರು ದೂರದಲ್ಲಿದ್ದಾರೆ, ಬೀದಿ ತುಂಬಿ ತುಳುಕುತ್ತಿದ್ದ ಕಾಲದ ಬಾಡಿಗೆಯನ್ನೇ ಇವತ್ತಿಗೂ ಕೇಳುತ್ತಾರೆ. ಮತ್ತೊಂದು ಕಟ್ಟಡದಲ್ಲಿ ಮೇಲೆ ಎರಡು ಒಳ್ಳೆ ಕೋಣೆ ಇವೆ, ಆದರೆ ಮೆಟ್ಟಿಲು ಇರುವುದು ಕೆಳಗಿನ ಅಂಗಡಿಯ ಒಳಗೆ. ಮೇಲಿನವರು ಮನೆಗೆ ಹೋಗಬೇಕಾದರೆ ಅಂಗಡಿಯನ್ನು ಹಾದು ಹೋಗಬೇಕು. ಹಾಗಾಗಿ ಕೆಳಗೆ ಖಾಲಿಯಾದ ಮೇಲೆ ಮೇಲೂ ಖಾಲಿ. ಇದಕ್ಕೆ ಹಬ್ಬವೂ ಬೇಡ, ಗೋಡೆಚಿತ್ರವೂ ಬೇಡ, ಹೊರಗಿನಿಂದ ಒಂದು ಮೆಟ್ಟಿಲು ಬೇಕು.

ಪಟ್ಟಿ ಮಾಡುವಾಗಲೇ ಆ ಬೀದಿಯ ಟೈಲರ್ ಸಿಕ್ಕಿದ್ದು. ನಾನು ಫಾರಂ ತೆಗೆದ ತಕ್ಷಣ ಅವರು ಮಿಷನ್ ನಿಲ್ಲಿಸಿ ಕನ್ನಡಕ ಕೆಳಗಿಳಿಸಿ ನೋಡಿದರು. "ಹೋದ ವರ್ಷ ಒಬ್ಬ ಹುಡುಗ ಬಂದಿದ್ದ, ಇದೇ ಪ್ರಶ್ನೆ ಕೇಳಿದ್ದ. ನನ್ನ ಉತ್ತರ ಬದಲಾಗಿಲ್ಲ ಕಣಮ್ಮ, ಅವನು ಬರ್ಕೊಂಡಿದ್ದನ್ನೇ ನೋಡ್ಕೋ" ಅಂದು ಮತ್ತೆ ಮಿಷನ್ ತುಳಿಯಲು ಶುರು ಮಾಡಿದರು. ಮುಖ ಚಿಕ್ಕದಾಯಿತು. ಆಫೀಸಿಗೆ ಬಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೊನೆಗೆ ಹಳೇ ಬ್ಯಾನರ್‌ಗಳ ಕೆಳಗೆ, ಬೀರುವಿನಲ್ಲಿ, ಸ್ಪೈರಲ್ ಬೈಂಡ್ ಮಾಡಿದ ವರದಿ ಸಿಕ್ಕಿತು. ಒಂದಲ್ಲ, ಮೂರು. ಮೂವರು ಇಂಟರ್ನ್‌ಗಳದ್ದು, ಮೂರು ವರ್ಷದ್ದು. ಮೂವರೂ ಎಣಿಸಿದ್ದಾರೆ, ಮೂವರೂ ಕೇಳಿದ್ದಾರೆ, ಒಬ್ಬ ಆ ಮೆಟ್ಟಿಲಿನ ವಿಷಯವನ್ನೂ ಬರೆದಿದ್ದಾನೆ! ಆದರೆ ಎಣಿಸಲು ಎಲ್ಲಿ ನಿಂತಿದ್ದರು ಅಂತ ಯಾರೂ ಬರೆದಿಲ್ಲ. ಹಾಗಾಗಿ ನನ್ನ ಲೆಕ್ಕದ ಜೊತೆ ಹೋಲಿಸುವ ಹಾಗಿಲ್ಲ. ಬೀದಿಗೆ ಜನ ಜಾಸ್ತಿಯಾದರಾ ಕಡಿಮೆಯಾದರಾ, ನಾಲ್ಕು ಬೇಸಿಗೆ ಎಣಿಸಿದ ಮೇಲೂ ಹೇಳಲು ಬರುವುದಿಲ್ಲ. ಪೂರ್ತಿ ಒಂದು ಅಂಕ ಹೋದದ್ದು ಇಲ್ಲೇ.

ಉಳಿದ ಅರ್ಧ ಹೋದದ್ದು ಸಭೆಗೆ. ಊರವರ ಅಭಿಪ್ರಾಯ ಕೇಳುವ ಸಭೆ ಅಂತ ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಅಂಗಡಿಯವರು ಅಂಗಡಿ ಬಿಟ್ಟು ಬರುತ್ತಾರಾ? ಬಂದವರು ನಿವೃತ್ತರು ಕೆಲವರು, ಅಧಿಕಾರಿಗಳು ಕೆಲವರು. ಬೆಂಚಿಗೆ ಯಾವ ಬಣ್ಣ ಬೇಕು ಅಂತ ಮೂರು ಬಣ್ಣ ತೋರಿಸಿ ಚೀಟಿ ಅಂಟಿಸಲು ಹೇಳಿದರು. ಶೆರ್ರಿ ಆರ್ನ್‌ಸ್ಟೈನ್ ಅನ್ನುವವರು 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿ ಬರೆದರು. ಕೆಳಗಿನ ಎರಡು ಮೆಟ್ಟಿಲು ಬರೀ ನಾಟಕ, ಜನರನ್ನು ಕೂರಿಸಿ ತಲೆ ಸವರುವುದು. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನ ಮಾಡುತ್ತಾರೆ, ನಿರ್ಧಾರ ಮಾತ್ರ ಬೇರೆಯವರ ಕೈಯಲ್ಲೇ ಇರುತ್ತದೆ. ಮೇಲಿನ ಮೂರರಲ್ಲಷ್ಟೇ ಜನರಿಗೆ ನಿಜವಾದ ಅಧಿಕಾರ. ಈ ಏಣಿಯನ್ನು ನಮಗೆ ಕಲಿಸಿದವರೇ ಬಣ್ಣದ ಚೀಟಿ ಹಂಚುತ್ತಿದ್ದರು.

ನಾನು ಮತ್ತು ಇನ್ನೊಬ್ಬ ಇಂಟರ್ನ್ ಗೋಗರೆದ ಮೇಲೆ ಎರಡನೇ ಸಭೆಯನ್ನು ರಾತ್ರಿ, ಶಟರ್ ಎಳೆದ ಮೇಲೆ, ಬೀದಿಯ ಮೆಟ್ಟಿಲುಗಳ ಮೇಲೇ ಇಟ್ಟರು. ಪ್ರಾಜೆಕ್ಟರ್ ಇಲ್ಲ, ಮೈಕಿಲ್ಲ. ಜನ ಬಂದರು, ಜಗಳವೂ ಆಯಿತು. ಬೆಂಚಿನ ಬಣ್ಣದ ಮಾತೇ ಬರಲಿಲ್ಲ. ಅಂಗಡಿ ನಡೆಸುವ ಇಬ್ಬರು ಹೆಂಗಸರು ಎದ್ದು ಹೇಳಿದ್ದು ಒಂದೇ: ಇಡೀ ಬೀದಿಯಲ್ಲಿ ಹೋಗಲು ಒಂದು ಶೌಚಾಲಯ ಇಲ್ಲ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇವೆ. ಆಮೇಲೆ ಕೆಟ್ಟುಹೋದ ಬೀದಿದೀಪ. ಆಮೇಲೆ ಸಾಮಾನು ಇಳಿಸಲು ಗಾಡಿ ನಿಲ್ಲಿಸುವ ಜಾಗ. ನನ್ನ ಫಾರಂನಲ್ಲಿ ಈ ಮೂರಕ್ಕೂ ಕಾಲಂ ಇರಲಿಲ್ಲ. ಊರಿಗೆ ಏನಿಲ್ಲ ಅಂತ ಹುಡುಕುವ ಬದಲು ಏನಿದೆ, ಯಾರಿಗೆ ಏನು ಬರುತ್ತದೆ ಅಂತ ಶುರು ಮಾಡಿ ಅನ್ನುವುದು ಕ್ರೆಟ್ಸ್‌ಮನ್ ಮತ್ತು ಮೆಕ್‌ನೈಟ್ ಅನ್ನುವ ಇಬ್ಬರು ಅಮೆರಿಕದ ಸಂಶೋಧಕರು 1993ರಿಂದ ಹೇಳುತ್ತಾ ಬಂದ ಮಾತು. ಅದನ್ನೂ ಆ ರಾತ್ರಿಯೇ ಕಣ್ಣಾರೆ ಕಂಡೆ. ದೀಪದ ಮಾತು ಬಂದಾಗ ಮೂಲೆಯಲ್ಲಿ ಕೂತಿದ್ದ ಒಬ್ಬರು ನಾನು ವೈರಿಂಗ್ ಮಾಡ್ತಿದ್ದವನು, ಅನುಮತಿ ಕೊಡಿಸಿ, ನಾನೇ ನೋಡ್ತೀನಿ ಅಂದರು. ಅನುಮತಿಯ ಪತ್ರ ಬರೆದದ್ದು ನಾನು, ಅದು ಯಾವ ಮೇಜಿನ ಮೇಲಿದೆಯೋ.

ಒಂದು ಮುಚ್ಚಿದ ಅಂಗಡಿಯನ್ನು ವಾರಾಂತ್ಯಕ್ಕೆ ತೆರೆಸಿದ್ದೂ ಇದೆ. ಶಟರ್‌ಗೆ ಎಣ್ಣೆ ಬಿಟ್ಟು ಎತ್ತಿ, ಪಾರಿವಾಳದ ಹಿಕ್ಕೆ ಕೆರೆದು, ಮನೆಯಲ್ಲೇ ಕುಸುರಿ ಕೆಲಸ ಮಾಡುವ ಮೂವರಿಗೆ ಎರಡು ದಿನ ಕೊಟ್ಟೆವು. ವ್ಯಾಪಾರ ಪರವಾಗಿಲ್ಲ ಅನ್ನುವಷ್ಟು ಆಯಿತು. ಅವರಲ್ಲಿ ಒಬ್ಬರು ಕಾಯಂ ಬಾಡಿಗೆಗೆ ಕೇಳಿದರು, ಮಾಲೀಕರು ಒಂದು ಪೈಸೆ ಇಳಿಯಲಿಲ್ಲ. ನಾನು ಅಲ್ಲಿಂದ ಹೊರಡುವವರೆಗೂ ಅಷ್ಟೇ ಆಗಿತ್ತು. ಫೋಟೋಗಳು ಮಾತ್ರ ಸಂಸ್ಥೆಯ ಕೈಪಿಡಿಯಲ್ಲಿ ಬಂದಿವೆ, ಬೀಗ ಮತ್ತೆ ಬಿದ್ದದ್ದು ಬಂದಿಲ್ಲ.

ಸಣ್ಣಪುಟ್ಟ ವಿಷಯ ಬೇಗ ಮುಗಿಸುತ್ತೇನೆ. ಸ್ಟೈಪೆಂಡ್ ತಡವಾಗಿ ಬಂತು, ಆದರೆ ಬಂತು. ಲ್ಯಾಪ್‌ಟಾಪ್ ನಿಮ್ಮದೇ ಒಯ್ಯಬೇಕು. ಮೆಂಟರ್ ಒಳ್ಳೆಯವರು, ತಿದ್ದುವುದರಲ್ಲಿ ಗಟ್ಟಿ, ಆದರೆ ಒಬ್ಬರೇ ನಾಲ್ಕು ಊರು ನೋಡಿಕೊಳ್ಳುತ್ತಿದ್ದರು, ಫೋನಿಗೆ ಸಿಕ್ಕರೆ ಪುಣ್ಯ. ಸರ್ಟಿಫಿಕೇಟ್ ಸಮಯಕ್ಕೆ ಕೊಟ್ಟರು.

ಎಂಟು ವಾರ ಸಾಲದು ಅನ್ನುವುದು ನನ್ನ ದೊಡ್ಡ ತಕರಾರು. ಜಪಾನ್ ಸರ್ಕಾರ 2009ರಲ್ಲಿ ಇಂಥದ್ದೇ ಒಂದು ಯೋಜನೆ ಶುರು ಮಾಡಿದಾಗ, ನಗರದವರು ಜನ ಕಡಿಮೆಯಾದ ಊರಿಗೆ ಹೋಗಿ ಒಂದರಿಂದ ಮೂರು ವರ್ಷ ಅಲ್ಲೇ ಇದ್ದು ಕೆಲಸ ಮಾಡಬೇಕು ಅಂತ ಇಟ್ಟಿತು. ಅಷ್ಟು ಕಾಲ ಇದ್ದರೆ ಟೈಲರ್ ಹೆಸರು ಹಿಡಿದು ಕರೆಯುತ್ತಾರೆ, ಫಾರಂ ಬೇಕಾಗುವುದಿಲ್ಲ. ಕಾಲೇಜಿನವರಿಗೆ ಅಷ್ಟು ಸಾಧ್ಯವಿಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯುವ ವ್ಯವಸ್ಥೆಯಾದರೂ ಬೇಕಲ್ವಾ? ಇಂಟರ್‌ವ್ಯೂನಲ್ಲಿ ನೀವು ಇದನ್ನೇ ಕೇಳಿ. ಹಿಂದಿನ ಇಂಟರ್ನ್ ಮಾಡಿದ್ದು ತೋರಿಸುತ್ತೀರಾ, ಸಭೆ ಎಷ್ಟು ಗಂಟೆಗೆ ಇಡುತ್ತೀರಿ, ನಾನು ಹೋದ ಮೇಲೆ ಈ ಬೀದಿಯ ಕೆಲಸ ಯಾರ ಕೈಯಲ್ಲಿರುತ್ತದೆ. ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಕೊನೆಯ ವಾರ ವರದಿಗೆ ಹೊಳೆಯುವ ರಟ್ಟು ಹಾಕಿಸುವ ಬದಲು ನಾನು ನಾಲ್ಕು ಪುಟದ ಚೀಟಿ ಬರೆದೆ. ಎಣಿಸಲು ಯಾವ ಕಂಬದ ಪಕ್ಕ ನಿಲ್ಲಬೇಕು ಅಂತ ಫೋಟೋ ಸಮೇತ, ಯಾವ ಮಾಲೀಕರಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಎತ್ತುತ್ತಾರೆ, ದೀಪದ ಪತ್ರದ ನಕಲು, ಮತ್ತೆ ಟೈಲರ್ ಹತ್ತಿರ ಫಾರಂ ತೆಗೆಯಬೇಡಿ, ಮೊದಲು ಒಂದು ಗುಂಡಿ ಹಾಕಿಸಿಕೊಳ್ಳಿ ಅಂತ. ಬೀರುವಿನ ಮೇಲಿನ ಅರೆಯಲ್ಲಿ, ಹಳದಿ ಫೈಲಿನಲ್ಲಿದೆ. ಕೀ ಲೆಕ್ಕಪತ್ರದವರ ಡ್ರಾಯರ್‌ನಲ್ಲಿರುತ್ತದೆ, ಮೊದಲ ದಿನವೇ ಕೇಳಿ ಇಸ್ಕೊಳ್ಳಿ.