ಹರಿಹರದ ಹೊಳೆ ಸ್ನಾನ: ನೀರಿಗೆ ಐದು ಸ್ಟಾರ್, ಮೆಟ್ಟಿಲಿಗೆ ಎರಡು

ದಾವಣಗೆರೆಯಲ್ಲಿ ಈಜುಕೊಳಕ್ಕೆ ಸೇರಿ ನೋಡಿದೆ. ತಿಂಗಳ ಫೀಸು, ಬ್ಯಾಚ್ ಟೈಮು, ಕ್ಲೋರಿನ್ ವಾಸನೆ, ಯಾವುದೂ ಒಗ್ಗಲಿಲ್ಲ. 14 ಕಿಲೋಮೀಟರ್ ಆಚೆ ತುಂಗಭದ್ರೆ ಪುಕ್ಕಟೆ ಹರೀತಿರುವಾಗ ತೊಟ್ಟಿ ನೀರಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ? ಹಾಗಾಗಿ ವರ್ಷಗಳಿಂದ ನನ್ನ ಭಾನುವಾರ ಅಂದರೆ ಪಿ.ಬಿ. ರಸ್ತೆ, ಹರಿಹರದ ಬಸ್ಸು, ಹೊಳೆ. ಬಸ್ ಚಾರ್ಜು, ಆಮೇಲೊಂದು ಪ್ಲೇಟ್ ಮಂಡಕ್ಕಿ, ಮೆಣಸಿನಕಾಯಿ. ನನ್ನ ಬಜೆಟ್ಟಿಗೆ ಇದಕ್ಕಿಂತ ಒಳ್ಳೆ ಸ್ನಾನ ಸಿಗಲ್ಲ.

ನಾನು ನೇರವಾಗಿ ನೀರಿಗೆ ಇಳಿಯೋನಲ್ಲ. ಮೊದಲು ಮೆಟ್ಟಿಲ ಮೇಲೆ ಕೂತು ಮೊಣಕಾಲವರೆಗೆ ಕಾಲು ಇಳಿಬಿಡುತ್ತೇನೆ. ಸ್ವಲ್ಪ ಹೊತ್ತು ಅಲುಗಾಡದೆ ಇದ್ದರೆ ಸಣ್ಣ ಮೀನು ಬಂದು ಹಿಮ್ಮಡಿ ಕಚ್ಚೋಕೆ ಶುರು ಮಾಡುತ್ತವೆ. ಒಡೆದ ಹಿಮ್ಮಡಿ ಅಂದರೆ ಅವಕ್ಕೆ ಜಾಸ್ತಿ ಇಷ್ಟ. ದೊಡ್ಡ ಊರಿನ ಮಾಲ್‌ಗಳಲ್ಲಿ ಇದಕ್ಕೂ ದುಡ್ಡು ಇಸ್ಕೊಳ್ತಾರಂತೆ! ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು, ಸೊಂಟದ ನೀರಿನಲ್ಲಿ ನಿಂತು, ಮೂಗು ಹಿಡಿದು ಮೂರು ಮುಳುಗು. ಸೋಪು ಒಯ್ಯೋದಿಲ್ಲ. ಒದ್ದೆ ಪಂಚೆ ಹಿಂಡಿ ಬಿಸಿಲು ಬಿದ್ದ ಕಲ್ಲಿನ ಮೇಲೆ ಹರಡಿದರೆ, ಗುಡಿಗೆ ಹೋಗಿ ಬರೋಷ್ಟರಲ್ಲಿ ಗರಿಗರಿ ಒಣಗಿರುತ್ತದೆ.

ಇಲ್ಲಿ ನೀರು ಯಾವಾಗಲೂ ಒಂದೇ ಥರ ಇರೋದಿಲ್ಲ, ಅದೇ ಮಜ. ಮಲೆನಾಡಲ್ಲಿ ಮಳೆ ಹಿಡಿದರೆ ಮೊದಲು ತುಂಬೋದು ತುಂಗೆಗೆ ಕಟ್ಟಿದ ಗಾಜನೂರು. ಚಿಕ್ಕ ಡ್ಯಾಂ, ಬೇಗ ಗೇಟು ತೆಗೀತಾರೆ. ಭದ್ರಾ ಡ್ಯಾಂ 186 ಅಡಿ, ಅದು ನಿಧಾನ. ಎರಡೂ ಹೊಳೆ ಕೂಡ್ಲಿಯಲ್ಲಿ ಸೇರಿ ನಮ್ಮ ಕಡೆ ಬರೋದರಿಂದ, ಹರಿಹರದಲ್ಲಿ ಕಾಣೋ ಮೊದಲ ಕೆಂಪು ನೀರು ಹೆಚ್ಚಿನಂಶ ತುಂಗೆಯದೇ. ಪೇಪರ್ ಬಂದ ಕೂಡಲೇ ಡ್ಯಾಂ ಮಟ್ಟ ನೋಡೋ ಚಟ ನನಗೆ ಹತ್ತಿದ್ದು ಹೀಗೆ. ಗದ್ದೆ ಇಲ್ಲದವನಿಗೆ ಯಾಕೆ ಈ ಲೆಕ್ಕ ಅಂತ ಮನೆಯಲ್ಲಿ ನಗುತ್ತಾರೆ. ಸ್ನಾನಕ್ಕೆ ಒಳ್ಳೆ ಕಾಲ ದೀಪಾವಳಿಯಿಂದ ಸಂಕ್ರಾಂತಿವರೆಗೆ. ಆಗ ನೀರು ತಿಳಿ, ಹರಿವು ಹದ. ಏಪ್ರಿಲ್ ಹೊತ್ತಿಗೆ ಬಂಡೆ ಎದ್ದು ಪಾಚಿ ಕಟ್ಟುತ್ತದೆ. ಕಾಲಿಟ್ಟರೆ ಜಾರಿತು ಅಂತಲೇ.

ಮುಳುಗು ಹಾಕಿದ ಮೇಲೆ ಹರಿಹರೇಶ್ವರ ಗುಡಿ. ಅರ್ಧ ಹರಿ, ಅರ್ಧ ಹರ. 1224ರಲ್ಲಿ ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಕಡೆದ ಕಂಬಗಳ ಆ ಮಂಟಪದ ಕಲ್ಲು ಜಗುಲಿಗೆ ಒದ್ದೆ ಬೆನ್ನು ಕೊಟ್ಟು ಕೂತರೆ ತಂಪು ಬೆನ್ನಮೂಳೆಗೇ ಇಳಿಯುತ್ತದೆ. ಅಂಗಳದ ಶಾಸನದ ಕಲ್ಲುಗಳನ್ನು ಓದೋಕೆ ಬರಲ್ಲ, ಆದರೂ ಪ್ರತಿ ಸಲ ಒಂದಕ್ಕೆ ಕೈ ಆಡಿಸುತ್ತೇನೆ. ಹೊಳೆ ದಾಟೋಕೆ 1868ರಲ್ಲಿ ಕಟ್ಟಿ ಮುಗಿಸಿದ ಸೇತುವೆಗೆ 14 ಕಮಾನು, ಒಂದೊಂದು 60 ಅಡಿ. ಬೆಂಗಳೂರು–ಧಾರವಾಡ ರಸ್ತೆಗೆ ಅಂತ ಮಾಡಿದ್ದು. ಆಗಿನ ಕಾಲಕ್ಕೇ ಹೆಚ್ಚುಕಮ್ಮಿ 3 ಲಕ್ಷ ರೂಪಾಯಿ ಹಿಡಿಯಿತು.

ಇಲ್ಲಿಗೆ ಹೊಗಳಿಕೆ ಮುಗೀತು. ಈಗ ಬಟ್ಟೆ ವಿಷಯ.

ಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುತ್ತಾರೆ. ದೋಷ ಕಳೀತದೆ ಅಂತ ನಂಬಿಕೆ. ಹಿಂದೆ ಎಲ್ಲ ಹತ್ತಿ ಬಟ್ಟೆ. ನೀರಲ್ಲಿ ಕೊಳೆತು ಹೋಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆ ಕೊಳೆಯೋದಿಲ್ಲ. ಕಲ್ಲಿಗೆ ಸುತ್ತಿಕೊಂಡು, ಹೂಳು ತುಂಬಿಕೊಂಡು, ಹಾವಿನ ಹಾಗೆ ಕಾಲಿಗೆ ತೊಡರುತ್ತದೆ. ಮೊನ್ನೆ ಎರಡನೇ ಮುಳುಗಿನಲ್ಲಿ ನನ್ನ ಪಾದಕ್ಕೆ ಒಂದು ಸೀರೆಯ ಸೆರಗು ಸಿಕ್ಕಿಕೊಂಡಿತು. ಬಿಡಿಸಿಕೊಳ್ಳೋಕೆ ಬಗ್ಗಿದರೆ ಮೂಗಿಗೆ ನೀರು. ಈಜು ಬರುವ ನನಗೇ ಎದೆ ಹೊಡೆದುಕೊಂಡಿತು, ಮಕ್ಕಳ ಕಥೆ ಏನು? ಮೇಲೆ ಬಂದು ನೋಡಿದರೆ ಪಕ್ಕದಲ್ಲೇ ಒಬ್ಬ ಅಜ್ಜಿ ಹೊಸದೊಂದು ಬಿಡೋಕೆ ತಯಾರಾಗಿದ್ದಾರೆ.

"ಅಜ್ಜಿ, ಅದನ್ನ ಮನೆಗೆ ತಗೊಂಡೋಗಿ ಒಗೀರಿ" ಅಂದೆ.

"ಪಾಪನ ಮನಿಗೆ ಹೊತ್ಕಂಡು ಹೋಗ್ಲೇನಪ್ಪ?" ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ದಡದಲ್ಲಿ ಒಂದು ದೊಡ್ಡ ಡಬ್ಬಿ ಇಟ್ಟು, "ಬಟ್ಟೆ ಇಲ್ಲಿ ಬಿಡಿ" ಅಂತ ಬೋರ್ಡ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಪಾಪವನ್ನು ಡಬ್ಬಿಗೂ ಬಿಡಬಹುದು.

ಸಂಕ್ರಾಂತಿಯಂದು ದಾವಣಗೆರೆ ಕಡೆಯ ಮನೆಮನೆಯವರು ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಗೆ ಬರುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಗುರುತಿಲ್ಲದವರೂ ಕರೆದು ಕೈಗೆ ರೊಟ್ಟಿ ಇಡುತ್ತಾರೆ. ಮಾರನೇ ದಿನ ಮಾತ್ರ ಆ ಕಡೆ ಹೋಗಬೇಡಿ. ಶಾಂಪೂ ಚೀಟಿ, ತಟ್ಟೆ, ಮತ್ತೆ ಬಟ್ಟೆ.

ನನ್ನ ಹೆಂಡತಿ ಬರೋದು ಬಿಟ್ಟಿದ್ದಾಳೆ. ಬಟ್ಟೆ ಬದಲಿಸೋಕೆ ನೆಟ್ಟಗೆ ಚಿಲಕ ಬೀಳೋ ಒಂದು ಬಾಗಿಲು ಸಿಗೋವರೆಗೆ ಬರಲ್ಲ ಅಂತ ಹಟ. ಅವಳು ಕೊಡೋ ಸ್ಟಾರ್ ಒಂದೇ, ಅದೂ ಗುಡಿಗೆ.

ನಾನು ಮೂರೂವರೆ ಕೊಡುತ್ತೇನೆ. ಹೊಸಬರಿಗೆ ಹೇಳೋದು ಇಷ್ಟೇ. ಬೇಗ ಹೋಗಿ, ಹಬ್ಬ, ಅಮಾವಾಸ್ಯೆ ಬಿಟ್ಟು ಹೋಗಿ, ಮೆಟ್ಟಿಲು ಕಾಲಿಗೆ ಸಿಗೋವರೆಗೆ ಮಾತ್ರ ಇಳಿಯಿರಿ. ಅದರಾಚೆ ಮರಳು ತೆಗೆದ ಗುಂಡಿಗಳಿರುತ್ತವೆ, ಮೇಲಿಂದ ಗೊತ್ತೇ ಆಗಲ್ಲ. ಈಗ ಗಾಜನೂರಿನಿಂದ ನೀರು ಬಿಟ್ಟಿದ್ದಾರೆ, ಕೆಳಗಿನ ಮೆಟ್ಟಿಲೆಲ್ಲ ಮುಳುಗಿವೆ. ಹಾಗಾಗಿ ಸದ್ಯಕ್ಕೆ ಭಾನುವಾರ ನನ್ನದು ಬರೀ ಗುಡಿ, ಮಂಡಕ್ಕಿ.